ಅವ್ವಲ್ ಗಾಡಿ

ಗಾಡಿಯ ಮಾಡಲ್ ವಿಷಯಕ್ಕೆ ಬಂದರೆ ನನಗೆ ಬಾಯಿ ಸ್ವಲ್ಪ ಹೆಚ್ಚು. ಜಹೀರಾಬಾದಿನ ನನ್ನ ಶೆಡ್ಡಿನ ಮುಂದೆ ಹಳೆಯ ಕಾರು ಬಂದು ನಿಂತರೆ ಸಾಕು, ಇಂಥ ವರ್ಷ ಹಿಂದಿನ ದೀಪ ದುಂಡಗಿತ್ತು, ಮರುವರ್ಷ ಉದ್ದವಾಯಿತು ಎಂದು ಕೇಳದವರಿಗೂ ಹೇಳುತ್ತಿದ್ದೆ. ಈಗ ಯಾರಾದರೂ ಕೇಳಿದರೂ ಕೈ ಒರೆಸಿಕೊಳ್ಳುವ ನೆಪ ಮಾಡುತ್ತೇನೆ.

ಹೋದ ವರ್ಷ ತಾಂಡೂರಿನ ಒಬ್ಬ ಅಮ್ಮ ಒಂದು ಸ್ಪೋರ್ಟ್ಸ್ ಕಾರನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಎರಡೇ ಸೀಟು, ಮೇಲೆ ಹರಿದ ಕ್ಯಾನ್ವಾಸ್, ಮೈತುಂಬ ತುಕ್ಕು. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ ನಡೆಸುತ್ತಿದ್ದ ಅವರ ಯಜಮಾನರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಗೋದಾಮಿನಲ್ಲೇ ನಿಂತಿತ್ತಂತೆ.

“ಮಿಸ್ತ್ರಿ, ಅವ್ವಲ್ ಗಾಡಿ ಅದರಿ ಇದು. ಮೊದಲ ಹ್ಯಾಂಗಿತ್ತೋ ಹಂಗ ಮಾಡಿ ಕೊಡ್ರಿ. ಒಮ್ಮೆ ಇದರಾಗ ಕುಂತು ಗಣಿ ತನಕ ಹೋಗಿ ಬರಬೇಕು ನಾ” ಅಂದರು.

ನಮ್ಮ ಕಡೆ ಅವ್ವಲ್ ಅಂದರೆ ಮೊದಲನೆಯದು. ಬಹಳ ಒಳ್ಳೆಯದಕ್ಕೂ ಅದೇ ಮಾತು. ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಆ ಮಾಡಲ್ ಹೊರಬಂದ ಮೊದಲ ವರ್ಷದ ಗಾಡಿ ನನ್ನ ಶೆಡ್ಡಿಗೆ ಬಂದಿದೆ ಎಂದು ಹಿಗ್ಗಿಹೋದೆ.

ಮೊದಲ ವರ್ಷ ಆ ಕಾರಿನ ಬಾಗಿಲಿಗೆ ಹೊರಗಡೆ ಹ್ಯಾಂಡಲ್ಲೇ ಇರಲಿಲ್ಲ. ಬಾಗಿಲ ಮೇಲಿಂದ ಕೈ ಇಳಿಬಿಟ್ಟು ಒಳಗಿನ ಹಗ್ಗ ಎಳೆಯಬೇಕಿತ್ತು. ಕಂಪನಿಯವರು ಹ್ಯಾಂಡಲ್ ಕೂಡಿಸಿದ್ದು ಎರಡನೇ ವರ್ಷದಿಂದ. ಈ ಗಾಡಿಗೆ ಹ್ಯಾಂಡಲ್ ಇದ್ದವು. ಯಾವನೋ ಅರೆಬರೆ ಮಿಸ್ತ್ರಿಯ ಕೆಲಸ ಎಂದು ಬೈದುಕೊಂಡೆ. ವರ್ಷ ಹೇಳುವ ತಗಡಿನ ಪಟ್ಟಿ ಇಂಜಿನ್ ಪಕ್ಕದಲ್ಲೇ ಇತ್ತು, ಮೇಲೆ ಬಣ್ಣ ಮೆತ್ತಿತ್ತು. ಕೆರೆದು ನೋಡಲು ಐದು ನಿಮಿಷ ಸಾಕಿತ್ತು. ನೋಡಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಆ ತಗಡು ಏನು ಹೇಳೀತು ಎಂಬ ಸೊಕ್ಕು. ಹ್ಯಾಂಡಲ್ ಕಿತ್ತೆ, ತೂತಿಗೆ ತಗಡು ಬೆಸೆದೆ, ಒಳಗೆ ಹಗ್ಗ ಕಟ್ಟಿದೆ, ಬಣ್ಣ ಹೊಡೆದೆ. ಕಿತ್ತವು ನಾರಾಯಣಖೇಡದ ಗುಜರಿಯವನ ಆಟೋ ಹತ್ತಿ ಹೋದವು.

ಗಾಡಿ ತಯಾರಾದ ದಿನ ಅಮ್ಮ ಇಸ್ತ್ರಿ ಸೀರೆ ಉಟ್ಟು ಬಂದರು. ಸುತ್ತ ಒಮ್ಮೆ ನಡೆದು ನೋಡಿದರು, ಮುಖ ಅರಳಿತ್ತು. ಎಡಗಡೆ ಬಾಗಿಲ ಹತ್ತಿರ ನಿಂತು, ನೋಡದೆಯೇ ಕೈ ಚಾಚಿದರು. ನುಣ್ಣನೆಯ ತಗಡಿನ ಮೇಲೆ ಕೈ ಆಚೆ ಈಚೆ ಹುಡುಕಿತು.

“ಒಳಗ ಕೈ ಹಾಕಿ ಹಗ್ಗ ಎಳೀರಿ ಅಮ್ಮಾರೆ. ಮೊದಲ ವರ್ಷದ ಗಾಡಿಗಿ ಹ್ಯಾಂಡಲ್ ಇರಂಗಿಲ್ಲ” ಎಂದು ಎದೆಯುಬ್ಬಿಸಿ ಹೇಳಿದೆ.

“ಮೊದಲ ವರ್ಷದ್ದು ಅಂತ ಯಾರ್ ಹೇಳ್ಯಾರ?”

“ನೀವೇ ಅಂದ್ರಲ್ರಿ, ಅವ್ವಲ್ ಅಂತ.”

“ಚಲೋ ಗಾಡಿ ಅಂತ ಅಂದೆ, ಮಿಸ್ತ್ರಿ.” ಕೈ ಇನ್ನೂ ಬಾಗಿಲ ಮೇಲೇ ಇತ್ತು. “ನನ್ನ ರಟ್ಟಿ ಹರೇದಾಗೇ ಹಿಡದಾವ, ಕೈ ಮ್ಯಾಲ ಏಳಂಗಿಲ್ಲ. ಅದಕ್ಕೇ ಯಜಮಾನ್ರು ಮೊದಲ ವರ್ಷದ್ದು ಬಿಟ್ಟು, ಒಂದು ವರ್ಷ ಕಾದು, ಹ್ಯಾಂಡಲ್ ಇದ್ದದ್ದು ತಂದಿದ್ರು.”

ಹಗ್ಗ ಎಳೆದು ನಾನೇ ಬಾಗಿಲು ತೆರೆದೆ. ಅಮ್ಮ ಬೈದಿದ್ದರೆ ಹಗುರಾಗುತ್ತಿದ್ದೆ, ಬೈಯಲಿಲ್ಲ. ನಾಳೆಯೇ ನಾರಾಯಣಖೇಡಕ್ಕೆ ಹೋಗಿ ಆ ಹ್ಯಾಂಡಲ್ ಹುಡುಕಿ ತರುತ್ತೇನೆ ಅಂದೆ. ಆಮೇಲೆ ಮೂರು ಸಲ ಹೋದೆ, ಸಿಗಲಿಲ್ಲ.

ಅಂದು ಅಮ್ಮ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡದೆ ಕೇಳಿದರು: “ಗಣಿ ಹತ್ರ ಇಳದು ತಿರುಗಿ ಹತ್ತೂ ಮುಂದ ಬಾಗಿಲ ತೆಗಿಲಿಕ್ಕ ಯಾರನ್ನ ಕರೀಲಿ, ಮಿಸ್ತ್ರಿ?”