ಕೈ ಎತ್ತಿದ ಹುಡುಗಿ, ಕೂಗಿದ ಮೇಷ್ಟ್ರು

ಕೋಚ್‌ಗಳಿಗೇ ಕೋಚ್ ಆಗಿದ್ದ ವಾಲಿಬಾಲ್ ಮೇಷ್ಟ್ರು ಊಟಕ್ಕೆ ಕೂತಾಗಲೂ ಕೊರಳಿನ ಸೀಟಿ ತೆಗೆಯುತ್ತಿರಲಿಲ್ಲ. "ಮಕ್ಕಳು ನಿಜ ಹೇಳಿದರೆ ಗದರಬೇಡಿ, ಚಪ್ಪಾಳೆ ತಟ್ಟಿ" ಎಂದು ಮೂವತ್ತು ವರ್ಷದಿಂದ ಕೋಚ್‌ಗಳ ತಲೆ ತಿನ್ನುತ್ತಿದ್ದರು.

ಅವರಲ್ಲೇ ಕಲಿತು ಕೋಚ್ ಆದ ಶಿಷ್ಯೆಯ ತಂಡ ಮೊದಲ ಸಲ ಫೈನಲ್ ತಲುಪಿತ್ತು. ಮೇಷ್ಟ್ರೂ ಆಟ ನೋಡಲು ಬಂದು ಅವಳ ಪಕ್ಕದಲ್ಲೇ ಕೂತಿದ್ದರು. ಇನ್ನೊಂದೇ ಪಾಯಿಂಟ್ ಬೇಕಿತ್ತು. ಎದುರಾಳಿ ಹೊಡೆದ ಚೆಂಡು ಗೆರೆಯಾಚೆ ಬಿತ್ತು. ಅಷ್ಟರಲ್ಲಿ ತಂಡದ ಹುಡುಗಿಯೊಬ್ಬಳು ಕೈ ಎತ್ತಿ, "ಸರ್, ನನ್ನ ಬೆರಳಿಗೆ ತಾಗಿತ್ತು" ಎಂದು ರೆಫರಿಗೆ ಹೇಳಿಬಿಟ್ಟಳು. ಪಾಯಿಂಟ್ ಅತ್ತ ಹೋಯಿತು.

"ಅಯ್ಯೋ, ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ!" ಎಂದು ಕೂಗಿದವರು ಮೇಷ್ಟ್ರೇ.

ಶಿಷ್ಯೆ ಅವರತ್ತ ಕಣ್ಣು ಬಿಟ್ಟು, ಜೋರಾಗಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರೂ ತಟ್ಟಬೇಕಾಯಿತು. ಕಪ್ ಕೈತಪ್ಪಿತು.

"ನನ್ನ ಶಿಷ್ಯೆ ಪಾಸಾದಳು ಕಣೇ," ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಬೀಗಿದರು.

"ನೀವು?"

"ನಾನು ಇನ್ನೊಂದ್ಸಲ ಪರೀಕ್ಷೆ ಕಟ್ಟಬೇಕು," ಎಂದು ಮೇಷ್ಟ್ರು ಹೊಟ್ಟೆ ತುಂಬ ನಕ್ಕರು.