ಬಕೀಟಿನಲ್ಲಿ ಕರಗಿದ ವಿಭೂತಿ

ನಮ್ಮವ್ವನ ವಿಭೂತಿ ಗಟ್ಟಿಯಿಂದ ನಾನು ಸ್ಕೂಟರ್ ಟ್ಯೂಬಿನ ತೂತಿಗೆ ಗುರುತು ಹಾಕಿದೆ. ಅದು ಸಾಲದೆಂದು ಗಟ್ಟಿಯನ್ನು ಬಕೀಟಿನ ನೀರಿಗೆ ಬೀಳಿಸಿ ಕರಗಿಸಿಯೂ ಬಿಟ್ಟೆ. ಇದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಮುಂದೆ ಎಲ್ಲಾದರೂ ನಾನು ಜಾಣನಂತೆ ಕಂಡರೆ ಅದು ಬರವಣಿಗೆಯ ತಪ್ಪು, ನಂಬಬೇಡಿ.

ಆಗ ನನಗೆ ಇಪ್ಪತ್ತನಾಲ್ಕು. ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಗಡಿಗೆ ರಿವೆಟ್ ಹೊಡೆಯುವ ಕೆಲಸ. ನಮ್ಮೂರು ಬೀದರಿನಲ್ಲಿ ಮಾತ್ರ 'ವಿಮಾನ ಮಾಡ್ತೀನಿ' ಎಂದು ಹೇಳಿಕೊಂಡಿದ್ದೆ. ನಾನೊಬ್ಬನೇ ಕೂತು ಮಾಡುತ್ತೇನೆಂದು ಯಾರಾದರೂ ತಿಳಿದುಕೊಂಡಿದ್ದರೆ ತಿದ್ದಲು ಹೋಗಿರಲಿಲ್ಲ. ಎರಡು ಕೋಣೆಯ ಮನೆ ಸಿಕ್ಕಿದ್ದರಿಂದ, ಒಂದು ತಿಂಗಳು ಇರಲಿ ಎಂದು ಅವ್ವನನ್ನು ಕರೆತರಲು ಊರಿಗೆ ಹೋದೆ. ಬಸ್ಸಿತ್ತು, ರೈಲಿತ್ತು. ನಾನು ಒಯ್ದದ್ದು ಮೂರು ಕೈ ದಾಟಿ ಬಂದಿದ್ದ ಸ್ಕೂಟರ್. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ನಿಂತು ನಮ್ಮಿಬ್ಬರನ್ನೂ, ಅಂದರೆ ಸ್ಕೂಟರನ್ನೂ ನನ್ನನ್ನೂ, ನೋಡಿ, "ಇಬ್ರೊಳಗ ಯಾರು ಮೊದಲು ಕೆಡ್ತಾರ ನೋಡಬೇಕು" ಅಂದ.

ಮೂರು ದಿನ ಅಲ್ಲಲ್ಲಿ ಉಳಿಯುತ್ತ ಬಂದೆವು. ಕೊನೆಯ ಮುಕ್ಕಾಮು ಔರಂಗಾಬಾದಿನಲ್ಲಿ, ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮೂರ ಸಂಬಂಧಿಕರ ಮನೆಯಲ್ಲಿ. ಅಲ್ಲಿಂದ ಐದಾರು ತಾಸಿನ ದಾರಿ. ನಸುಕಿನಲ್ಲಿ ಅವ್ವ ಸ್ನಾನ ಮಾಡಿ ಪೂಜೆಗೆ ಕೂಡಲು ಹೊರಟಳು. ಅವಳ ಕೊರಳಲ್ಲಿ ಲಿಂಗ. ದಿನಾ ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದ ಹೊರತು ಬಾಯಿಗೆ ಒಂದು ಗುಟುಕು ನೀರೂ ಹಾಕಿಕೊಳ್ಳುವವಳಲ್ಲ.

"ಬಿಸಿಲಾಗೋದ್ರಾಗ ಹೊಂಡೋಣು ಯವ್ವಾ. ಹತ್ತು ಗಂಟೆಗೆ ಮನಿಯಾಗ ಇರ್ತೀವಿ. ಹೊಸಾ ಮನಿಯಾಗ ಮೊದಲನೇ ಪೂಜಿ ನಿಂದೇ ಆಗಲಿ" ಅಂದೆ.

ಆ ಮಾತು ಅವಳಿಗೆ ಹಿಡಿಸಿತು. "ಹತ್ತಕ್ಕ ಖರೇನೋ?"

"ವಿಮಾನ ಮಾಡೋನು ಹೇಳ್ಲಿಕತ್ತೀನಿ!"

ದೌಲತಾಬಾದಿನ ಕೋಟೆ ಮಂಜಿನಲ್ಲಿ ಬುಡವೇ ಇಲ್ಲದಂತೆ ತೇಲುತ್ತಿತ್ತು. ಅವ್ವ ಪಕ್ಕಕ್ಕೆ ಕಾಲಿಳಿಬಿಟ್ಟು, ಒಂದು ಕೈಯಿಂದ ನನ್ನ ಭುಜ ಹಿಡಿದು, ಇನ್ನೊಂದರಿಂದ ಪೂಜೆಯ ಚೀಲವನ್ನು ತೊಡೆಗೆ ಒತ್ತಿಕೊಂಡಿದ್ದಳು. ಎಷ್ಟು ಓಡಿಸಿದರೂ ಕೋಟೆ ಹಿಂದೆ ಬೀಳುತ್ತಿರಲಿಲ್ಲ. "ಗುಡ್ಡ ನಮ್ಮ ಸಂಗಟನೇ ಬರ್ಲಿಕತ್ತದಲ್ಲೋ" ಅಂದಳು. ರಸ್ತೆ ಹಾಲಿನೊಳಗೆ ಹೋಗುತ್ತಿತ್ತು. ಎತ್ತಿನ ಗಾಡಿಗಳು ಸದ್ದಿಲ್ಲದೆ ಹುಟ್ಟಿ ಸದ್ದಿಲ್ಲದೆ ಕರಗುತ್ತಿದ್ದವು. ನಾನು ಚಿಕ್ಕವನಿದ್ದಾಗ ಅವ್ವ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಹೋಗುತ್ತಿದ್ದಳು. ಈಗ ನಾನು ಅವಳನ್ನು ಹೊತ್ತುಕೊಂಡು ಹೊರಟಿದ್ದೇನೆ ಎಂದೆಲ್ಲ ದೊಡ್ಡ ದೊಡ್ಡ ವಿಚಾರ ಬಂದು ಕಣ್ಣು ತೇವವಾಯಿತು. ಅದರಿಂದಲೇ ಮುಂದೆ ರಸ್ತೆಯಲ್ಲಿ ಬಿದ್ದಿದ್ದ ಮೊಳೆ ಕಾಣಲಿಲ್ಲ ಎಂದು ನನ್ನ ವಾದ.

ಯೇವಲೆ ದಾಟಿ, ನಿಫಾಡ್ ಇನ್ನೇನು ಬಂತು ಅನ್ನುವಾಗ ಹಿಂದಿನ ಗಾಲಿ ಕೂತುಬಿಟ್ಟಿತು. ಬದಲಿ ಗಾಲಿ ಹಿಂದೆ ಬೀಡ್ ಪಟ್ಟಣದ ಹತ್ತಿರವೇ ಹೊಟ್ಟೆ ಸೀಳಿಕೊಂಡಿತ್ತು. ಗಂಟೆ ಹತ್ತಾಗಿತ್ತು. ಪಕ್ಕದಲ್ಲಿ ದ್ರಾಕ್ಷಿ ತೋಟ. ಅದರ ಒಡತಿ, ಅವ್ವನ ವಯಸ್ಸಿನ ಮರಾಠಿ ಹೆಂಗಸು, ಒಂದು ಬಕೀಟು ನೀರು ಕೊಟ್ಟು ಅವ್ವನನ್ನು ನೆರಳಿಗೆ ಕರೆದುಕೊಂಡು ಹೋದಳು. ನಾನು ಆಕೆಯನ್ನು ಮಾವಶಿ ಅಂದೆ. ಅಲ್ಲಿಯ ಚಿಕ್ಕಮ್ಮ.

ಟ್ಯೂಬಿಗೆ ಗಾಳಿ ಹೊಡೆದು ನೀರಿನಲ್ಲಿ ಮುಳುಗಿಸಿದೆ. ಬುರುಬುರು ಗುಳ್ಳೆ ಎದ್ದವು. ತೂತಿನ ಜಾಗಕ್ಕೆ ಗುರುತು ಬೇಕಲ್ಲ? ಕಾರ್ಖಾನೆಯಲ್ಲಿ ಸುಣ್ಣದ ಕಡ್ಡಿಯಿಂದ ಗೀಚದೆ ನಾವು ಕೈಯೇ ಎತ್ತುವುದಿಲ್ಲ. ಟ್ಯೂಬಿನಿಂದ ಕಣ್ಣು ತೆಗೆದರೆ ತೂತು ಕಳೆದುಹೋಗುತ್ತದೆಂಬ ಹೆದರಿಕೆಯಲ್ಲಿ, ಸೀಟಿನ ಮೇಲೆ ಅವ್ವ ಇಟ್ಟುಹೋಗಿದ್ದ ಚೀಲಕ್ಕೆ ಕೈ ಹಾಕಿದೆ. ಬೆಳ್ಳಗೆ, ಗಟ್ಟಿಯಾಗಿ, ಹಿಡಿಯಲು ಅನುಕೂಲವಾದದ್ದೊಂದು ಸಿಕ್ಕಿತು. ಟ್ಯೂಬನ್ನು ಬನಿಯನ್ನಿನಿಂದ ಒರೆಸಿ, ಸುತ್ತಲೂ ಚಂದದ ಗೋಲ ಬರೆದು, ಅದನ್ನು ಬಕೀಟಿನ ಅಂಚಿನ ಮೇಲೆ ಇಟ್ಟೆ. ಬಕೀಟಿನ ಅಂಚಿನ ಮೇಲೆ ಏನು ತಾನೇ ನಿಲ್ಲುತ್ತದೆ? ವಿಮಾನ ಮಾಡುವವನಿಗೆ ಇಷ್ಟು ತಿಳಿಯಬಾರದೆ?

ತೇಪೆ ಹಚ್ಚಿ, ಸಿಳ್ಳೆ ಹಾಕುತ್ತ ತಲೆಯೆತ್ತಿದಾಗ ನೀರು ಮಜ್ಜಿಗೆಯಾಗಿತ್ತು. ಅವ್ವ ಅದನ್ನೇ ನೋಡುತ್ತ ನಿಂತಿದ್ದಳು.

"ಅರಿವ್ಯಾಗ ಸೋಸಿ ಕೊಡ್ತೀನಿ ಯವ್ವಾ" ಅಂದೆ.

"ಗಾಲಿ ತೊಳದ ನೀರು ಹಣಿಗಿ ಹಚ್ಚಂತೀ? ನಿನ್ನ ಹಣಿಗೇ ಹಚ್ಕೋ. ಅಲ್ಲಿ ಭಾಳ ಜಾಗ ಅದ."

ಬೈದದ್ದು ಅಷ್ಟೇ. ಆದರೆ ತುಟಿ ಒಣಗಿ ಬಿಳಿಚಿತ್ತು. ಬಿಸಿಲು ಏರುತ್ತಿತ್ತು. ಹಿಂದಿನ ಸಂಜೆ ಉಂಡವಳು, ಅರವತ್ತರ ಹತ್ತಿರ ಬಂದವಳು. ದಾರಿಯಲ್ಲಿ ತಲೆ ತಿರುಗಿ ಬಿದ್ದರೆ? ನೀರು ಕುಡಿ ಎಂದು ಕಾಲು ಹಿಡಿದೆ. "ಪೂಜಿ ಇಲ್ಲದ ನೀರಾ?" ಎಂದು ನನ್ನನ್ನೇ ಹುಚ್ಚನಂತೆ ನೋಡಿದಳು. ನಿಫಾಡಿನ ಅಂಗಡಿಗಳಲ್ಲಿ ಹುಡುಕಿ ತರುತ್ತೇನೆ ಎಂದರೆ ಗಾಲಿಯ ತೇಪೆ ಇನ್ನೂ ಹಸಿ.

ಆಗ ಅವ್ವ ಮಾವಶಿಯತ್ತ ತಿರುಗಿ, ಬೀದರಿನ ಕಲಬೆರಕೆ ಮರಾಠಿಯಲ್ಲಿ ಕೇಳಿದಳು: ನಿಮ್ಮ ಒಲೆಗೆ ಆಕಳ ಸಗಣಿಯ ಕುಳ್ಳೋ, ಕಟ್ಟಿಗೆಯೋ? ಕುಳ್ಳು. ಒಲೆಯ ಮೇಲೆ ಮಾಂಸ ಬೇಯಿಸುತ್ತೀರೋ? ಮಾವಶಿ ಕೊರಳಿನ ತುಳಸಿಮಾಲೆ ಎಳೆದು ತೋರಿಸಿ ನಕ್ಕಳು. ಪಂಢರಪುರಕ್ಕೆ ನಡೆದುಹೋಗುವ ಮನೆ, ತತ್ತಿ ಕೂಡ ಹೊಸಿಲು ದಾಟಿಲ್ಲ.

ಅವ್ವ ಬಾವಿಯ ನೀರಲ್ಲಿ ಮತ್ತೊಮ್ಮೆ ಮಿಂದು, ಆ ಒಲೆಯ ಬೂದಿಯನ್ನು ತೆಳು ಅರಿವೆಯಲ್ಲಿ ಸೋಸಿ, ನೀರು ಬೆರೆಸಿ, ಅಡಿಕೆಯಷ್ಟು ಸಣ್ಣ ಉಂಡೆ ಕಟ್ಟಿದಳು. ಸುಡುವ ಬಂಡೆಯ ಮೇಲೆ ಸಾಲಾಗಿ ಇಟ್ಟಳು.

"ಹಸೀದೇ ಹಚ್ಕೊಂಡ್ರ ಆಗಂಗಿಲ್ಲೇನು?"

"ಒಲಿ ಬೂದಿ ಬೂದಿನೇ. ಗಟ್ಟಿ ಕಟ್ಟಿ ಆರಿದ ಮ್ಯಾಲ ವಿಭೂತಿ. ನೀ ಸುಮ್ ಕೂಡು."

ಸುಮ್ಮನೆ ಕೂಡಲು ಹೋದವನು ಚಪ್ಪರದಡಿ ಉರುಳಿದೆ. ಮೇಲೆ ಎಲೆ, ಎಲೆಯ ಕೆಳಗೆ ಗೊಂಚಲು, ಗೊಂಚಲಿನೊಳಗೆ ಬೆಳಕು. ಗಾಳಿ ಬಂದಾಗ ಇಡೀ ತೋಟ ಹಸಿರು ನೀರಿನಂತೆ ತುಳುಕಿ ನನ್ನನ್ನೂ ತೇಲಿಸುತ್ತಿತ್ತು. ದೂರದಲ್ಲಿ ಬಾವಿಯ ಇಂಜಿನ್ನು ಟುಕುಟುಕು ಅನ್ನುತ್ತಿತ್ತು. ಕನಸಿನಲ್ಲಿ ಅವ್ವ ಸ್ಕೂಟರ್ ಓಡಿಸುತ್ತಿದ್ದಳು. ನಾನು ಹಿಂದೆ ಕೂತಿದ್ದೆ. ರಸ್ತೆ ಮೆಲ್ಲಗೆ ನೆಲ ಬಿಟ್ಟು ಎದ್ದಿತು. ಕೆಳಗೆ ಔರಂಗಾಬಾದ್ ಬೆಲ್ಲದ ತುಂಡಿನಷ್ಟಾಯಿತು. ನಾವು ಎಲ್ಲಿಗೂ ಮುಟ್ಟುವ ಅವಸರದಲ್ಲಿರಲಿಲ್ಲ.

ಎಚ್ಚರವಾದಾಗ ನೆರಳು ಆಚೆ ಸರಿದಿತ್ತು. ನನ್ನ ಜೊಲ್ಲು ಹರಿದು ಅವ್ವನ ಪೂಜೆಯ ಚೀಲ ಸೇರಿತ್ತು. ಮಲಗುವಾಗ ಕೈಗೆ ಸಿಕ್ಕಿದ್ದನ್ನು ದಿಂಬು ಮಾಡಿಕೊಂಡಿದ್ದೆನಲ್ಲ! ಅವ್ವ ಚೀಲದ ಮೇಲ್ಭಾಗ ಒರೆಸಿ, ಒಳಗಿನ ಮಡಿ ಅರಿವೆ, ಹಿತ್ತಾಳೆ ತಟ್ಟೆ ತೆಗೆದುಕೊಂಡು ಬಾವಿಯ ಕಡೆ ಹೋದಳು. ಹಣೆಯ ಮೇಲೆ ಹೊಸ ವಿಭೂತಿ ಬೂದುಬಣ್ಣವಾಗಿ ಮೂಡಿತು. ಅಂಗೈಯಲ್ಲಿ ಲಿಂಗ, ಅದರ ಮೇಲೆ ತೋಟದ ಒಂದು ಕಾಡುಹೂವು. ಆಮೇಲೆ ಅವಳು ನೀರು ಕುಡಿದ ಸದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು.

ರೊಟ್ಟಿ ತಿಂದು ಹೊರಟೆವು. ಅವ್ವ ಮುಂದೆ ನಡೆದಾಗ ಮಾವಶಿ ನನ್ನನ್ನು ತಡೆದು, ಒಂದು ಬುಟ್ಟಿ ದ್ರಾಕ್ಷಿಯನ್ನು ಕೈಗಿಟ್ಟು ಮರಾಠಿಯಲ್ಲಿ ಅಂದಳು: "ಪೋರಾ, ಗಟ್ಟಿ ಆರಿ ಒಂದು ತಾಸಿನ ಮ್ಯಾಲಾಗಿತ್ತು. ತಲಿ ಕೆಳಗಿನ ಚೀಲ ಎಳ್ಕೋರಿ ಅಕ್ಕಾ, ಅಂತ ನಿಮ್ಮವ್ವಗ ಎಷ್ಟು ಸಲ ಹೇಳ್ದೆ. ಎಳದ್ರ ಏಳ್ತಾನ, ನಸುಕಿನಿಂದ ಗಾಡಿ ಹೊಡದಾನ, ಮಲಗಲಿ ಅಂದ್ಲು. ನಿನ್ನ ಮಾರಿ ಮ್ಯಾಲಿನ ನೊಣಾ ಹೊಡ್ಕೋತ ಕೂತಿದ್ಲು."