ಎರಡನೇ ಪಾಳಿಯ ಗಾಡಿ

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಏಳೂ ಕಾಲಿಗೆ ರಾಮಸಮುದ್ರದ ಮನೆಯಿಂದ ಹೊರಟೆ. ಕೈಚೀಲದಲ್ಲಿ ಒಂದು ಟವೆಲ್, ಬ್ಯಾಟರಿ, ಆರು ಜೋಳದ ರೊಟ್ಟಿ, ಶೇಂಗಾ ಹಿಂಡಿ ಮತ್ತು ಒಂದು ನೋಟ್‌ಬುಕ್ ಇದ್ದವು. ಹಳೆಯ ಗಾಡಿ ಕೊಳ್ಳುವವನು ಏನೇನು ಕೇಳಬೇಕು ಎಂದು ಯಾದಗಿರಿಯ ಒಬ್ಬ ಮೆಕ್ಯಾನಿಕ್‌ನನ್ನು ಎರಡು ದಿನ ಕಾಡಿ, ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡಿದ್ದೆ. ಪ್ರತಿ ಪ್ರಶ್ನೆಯ ಕೆಳಗೆ ಉತ್ತರಕ್ಕೆ ಎರಡು ಗೆರೆ ಜಾಗ ಬಿಟ್ಟಿದ್ದೆ. ಅಷ್ಟು ಸಾಕಾಗುತ್ತದೆ ಎಂದು ತಿಳಿದಿದ್ದೆ.

ಗಾಡಿ ನನಗಲ್ಲ, ಮಗಳು ಸುಜಾತಾಳಿಗೆ. ಅವಳನ್ನು ಸುರಪುರದ ಪಕ್ಕದ ರಂಗಂಪೇಟೆಗೆ ಕೊಟ್ಟಿದ್ದೇವೆ. ಅಳಿಯ ಮಹಾದೇವ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಾನೆ. ಸುಜಾತಾ ಲೈಸೆನ್ಸ್ ಮಾಡಿಸಿಕೊಂಡು ಮೂರು ವರ್ಷ ಊರಿನ ಕಸದ ಗಾಡಿ ನಡೆಸಿದಳು. ದಿನವೂ ಅದೇ ಓಣಿ, ಅದೇ ತಿರುವು. ಸುರಪುರದಿಂದ ಶಹಾಪುರಕ್ಕೆ ಜನರನ್ನು ಒಯ್ಯುವ ಸೀಟಿನ ಗಾಡಿ ನಡೆಸಬೇಕೆಂಬುದು ಅವಳ ಹಟ. ಅದಕ್ಕಾಗಿ ಬಂಗಾರದ ಬೋರಮಾಳ ಸರ ಮಾರಿಬಿಟ್ಟಿದ್ದಳು. ಕಡಿಮೆ ಬಿದ್ದ ದುಡ್ಡು ನನ್ನ ನಿವೃತ್ತಿಯದು. ಗಾಡಿ ಕೆಟ್ಟದ್ದು ಬಂದರೆ ಸರವೂ ಹೋಯಿತು, ಮುಂದೆ ಮತ್ತೊಂದು ಕೊಳ್ಳುವ ಮಾತೂ ಹೋಯಿತು. ಆದ್ದರಿಂದ ನೋಡುವ ಜವಾಬ್ದಾರಿ ನಾನು ವಹಿಸಿಕೊಂಡೆ.

ಯಾದಗಿರಿಯಿಂದ ಎಂಟೂವರೆಯ ಬಸ್ಸು ಹತ್ತು ನಿಮಿಷ ತಡವಾಗಿ ಬಿಟ್ಟಿತು. ಭೀಮಾ ಸೇತುವೆಯ ಮೇಲೆ ಇನ್ನೂ ಮಂಜು ಇತ್ತು. ಶಹಾಪುರ ಮೂವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ. ದಾರಿಯ ಎರಡೂ ಕಡೆ ಹತ್ತಿ ಬಿಡಿಸುವವರು ಆಗಲೇ ಹೊಲಕ್ಕೆ ಇಳಿದಿದ್ದರು. ಕಾಲುವೆ ಕಂಡಲ್ಲೆಲ್ಲ ನಾನು ಕಿಟಕಿಗೆ ಮುಖ ಒಡ್ಡಿ ನೀರಿನ ಮಟ್ಟ ನೋಡಿದೆ. ಮೂವತ್ತೊಂದು ವರ್ಷ ಅದೇ ನನ್ನ ಕೆಲಸವಾಗಿತ್ತು: ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಗೇಜು ಓದುವುದು, ಪಾಳಿಯ ಪಟ್ಟಿ ನೋಡಿ ಗೇಟು ಎತ್ತುವುದು, ಇಳಿಸುವುದು. ಬಸ್ಸಿನಿಂದ ನೋಡಿದರೆ ಅಂಕಿ ಕಾಣುವುದಿಲ್ಲ. ಆದರೂ ನೋಡಿದೆ.

ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಎಂದಿನಂತೆ ಮಲಗಿತ್ತು. ಸುಜಾತಾ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಚಹಾ ಕುಡಿದು, ಊರ ಹೊರಗೆ ಹಳೆಯ ಗಾಡಿ ಮಾರುವವನ ಅಂಗಳಕ್ಕೆ ನಡೆದೆವು. ಅಲ್ಲಿ ಒಂದು ಬೂದು ಬಣ್ಣದ ಎಂಟು ಸೀಟಿನ ಗಾಡಿಯನ್ನು ತೊಳೆದು ನಿಲ್ಲಿಸಿದ್ದರು. ಮೀಟರ್ ಅರವತ್ತೊಂದು ಸಾವಿರ ತೋರಿಸುತ್ತಿತ್ತು.

"ಮೀಟರ್ ನೋಡ್ರಿ ಕಾಕಾ, ಇನ್ನಾ ಕೂಸು ಅದ ಗಾಡಿ," ಎಂದ ಮಾರುವವನು.

ಸುಜಾತಾ ಒಳಗೆ ಬಗ್ಗಿ ನೋಡಿದಳು. "ಕೂಸಿನ ಕಾಲಾಗಿನ ಚಪ್ಪಲಿ ಬಾಳ ಸವದಾವಲ್ರಿ ಅಣ್ಣಾ," ಎಂದಳು.

ಬ್ರೇಕಿನ ಪೆಡಲಿನ ರಬ್ಬರು ಪೂರ್ತಿ ಸವೆದು ತಗಡು ಹೊಳೆಯುತ್ತಿತ್ತು. ಸ್ಟೇರಿಂಗು ಕನ್ನಡಿಯಷ್ಟು ನುಣುಪಾಗಿತ್ತು. ಕಾಲುವೆಯ ಗೇಜಿನ ಬುಡದಲ್ಲಿ ಹೂಳು ತುಂಬಿದರೆ ನೀರು ಕಡಿಮೆ ಹರಿದರೂ ಅಂಕಿ ಹೆಚ್ಚು ತೋರಿಸುತ್ತದೆ. ಅಂಕಿ ಓದುವ ಮೊದಲು ಬುಡ ನೋಡಬೇಕು ಎಂದು ನಾನು ಎಷ್ಟು ಜನ ಹೊಸಬರಿಗೆ ಹೇಳಿಕೊಟ್ಟಿಲ್ಲ? ಮೀಟರ್ ತಿರುಗಿಸಿದ್ದಾರೆ ಎಂದು ನನಗೆ ಅನ್ನಿಸಿತು. ಆದರೆ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಸದ್ದು ಸಣ್ಣಗಿತ್ತು, ಹೊಗೆ ಇರಲಿಲ್ಲ. ನನ್ನ ಪಟ್ಟಿಯ ಪ್ರಕಾರ ಹದಿನೆಂಟು ಪ್ರಶ್ನೆಗಳಲ್ಲಿ ಆ ಗಾಡಿ ಪಾಸಾಯಿತು. ಸವೆದ ಪೆಡಲಿಗೆ ಮೆಕ್ಯಾನಿಕ್ ಪ್ರಶ್ನೆಯನ್ನೇ ಬರೆಸಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, ಸಂಜೆಯೊಳಗೆ ಹೇಳುತ್ತೇನೆ ಎಂದು ಹೊರಬಂದೆ.

ನೋಡಬೇಕಾದ ಎರಡನೆಯ ಗಾಡಿ ಸುರಪುರದ ಸ್ಟ್ಯಾಂಡಿನ ಮೌನೇಶನದು. ಅವನು ಸುಜಾತಾಳ ಓಣಿಯವನೇ, ಹನ್ನೆರಡು ವರ್ಷದಿಂದ ಇದೇ ದಾರಿಯಲ್ಲಿ ಸೀಟಿನ ಗಾಡಿ ನಡೆಸುತ್ತಿದ್ದ. ಈಗ ಒಂದು ಶಾಲೆಯ ಬಸ್ಸಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತ್ತು. ಹನ್ನೊಂದೂವರೆಗೆ ಶಹಾಪುರದ ಸ್ಟ್ಯಾಂಡಿಗೆ ಅವನ ಬಿಳಿ ಗಾಡಿ ಬಂದಿತು. ಮೀಟರ್ ನೋಡಿದೆ: ಎರಡು ಲಕ್ಷ ಎಂಬತ್ಮೂರು ಸಾವಿರದ ನಾಲ್ಕು ನೂರಾ ಹನ್ನೆರಡು. ಬೆಲೆ ಬೂದು ಗಾಡಿಯ ಅರ್ಧ.

"ಇಷ್ಟು ಓಡಿದ್ದು ಹೇಳಿ ಯಾರರೆ ಮಾರ್ತಾರೇನೋ?" ಎಂದು ಕೇಳಿದೆ.

"ಓಡೇದಲ್ರಿ ಕಾಕಾ. ದಿನಾ ನೋಡೋ ಮಂದಿಗಿ ಸುಳ್ಳ ಹ್ಯಾಂಗ ಹೇಳಲಿ?"

ಸುರಪುರಕ್ಕೆ ಇಪ್ಪತ್ತಾರು ಕಿಲೋಮೀಟರ್, ಸೀಟಿಗೆ ನಲವತ್ತು ರೂಪಾಯಿ. ನಾವಿಬ್ಬರೂ ದುಡ್ಡು ಕೊಟ್ಟೇ ಕುಳಿತೆವು. ನಾನು ನೋಟ್‌ಬುಕ್ ತೆಗೆದು ಪಕ್ಕದವರನ್ನು ವಿಚಾರಿಸಿದೆ. ಪ್ರಶ್ನೆ ಒಂಬತ್ತು: ಗಾಡಿ ದಾರಿಯಲ್ಲಿ ಎಂದಾದರೂ ಕೆಟ್ಟು ನಿಂತಿದೆಯೇ?

"ಒಮ್ಮೆನೂ ನಿಂತಿಲ್ಲ," ಎಂದಳು ಬದನೆಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಮುದುಕಿ.

ಹಿಂದಿನ ಸೀಟಿನಲ್ಲಿದ್ದ ಗೊಬ್ಬರದ ಅಂಗಡಿಯ ಗುಮಾಸ್ತ ನಕ್ಕ. "ಯಾಕ ಆಯಿ, ಹ್ವಾದ ಮಳಿಗಾಲದಾಗ ಹತ್ತಿಗೂಡೂರ ಕ್ರಾಸಿನ್ಯಾಗ ನಾವಾ ಇಳದು ನೂಕಿಲ್ಲೇನು?"

"ಅವತ್ತ ಡೀಸೆಲ್ ತೀರಿತ್ತು. ಡೀಸೆಲ್ ತೀರಿದ್ರ ಗಾಡಿ ತಪ್ಪೇನು?"

"ಮತ್ತ ಬಾಗಿಲ ಕಳಚಿ ಬಿತ್ತಲ್ಲ?"

"ಬಾಗಿಲ ಬಿತ್ತು. ಗಾಡಿ ನಿಂತಿತೇನು?"

ಮೌನೇಶ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಇಬ್ರೂ ಖರೇನ ಹೇಳಾಕತ್ಯಾರ್ರಿ ಕಾಕಾ. ಬರಕೋರಿ."

ಎರಡೂ ಉತ್ತರ ಬರೆದುಕೊಂಡೆ. ಎರಡು ಗೆರೆ ಸಾಲಲಿಲ್ಲ.

ಹತ್ತಿಗೂಡೂರು ದಾಟಿದ ಮೇಲೆ ಮೌನೇಶ ಒಂದು ಹೊಸ ಮಾತು ತೆಗೆದ. ಸುರಪುರದ ಸ್ಟ್ಯಾಂಡಿನಲ್ಲಿ ಬೆಳಗಿನ ಎರಡನೇ ಪಾಳಿ ತನ್ನದು, ಆರೂವರೆಗೆ ಗಾಡಿ ತುಂಬಿಕೊಂಡು ಹೊರಡುತ್ತದೆ, ಗಾಡಿ ಕೊಟ್ಟರೆ ಪಾಳಿಯೂ ಅದರ ಕೂಡ ಬರುತ್ತದೆ ಎಂದ. ಕೇಳಿದ ಬೆಲೆಯಲ್ಲಿ ಹತ್ತು ಸಾವಿರ ಆ ಪಾಳಿಯದೇ ಅಂತೆ.

ನನಗೆ ಇದು ತಕ್ಷಣ ಅರ್ಥವಾಯಿತು. ಇಡೀ ದಿನದಲ್ಲಿ ಅರ್ಥವಾದ ಒಂದೇ ಮಾತು ಅದು. ಕಾಲುವೆಯಲ್ಲಿ ನೀರಿನ ಪಾಳಿ ಹೊಲಕ್ಕೆ ಸೇರಿದ್ದು. ಹೊಲ ಯಾರ ಕೈಗೆ ಹೋದರೂ ಮಂಗಳವಾರ ನಸುಕಿನ ನೀರು ಆ ಹೊಲಕ್ಕೇ ಹೋಗುತ್ತದೆ. ಪಾಳಿಯೊಂದು ಗಟ್ಟಿ ಇದ್ದರೆ ಗಾಡಿ ಹಳೆಯದಾದರೇನು? ಮಗಳ ಕಿವಿಯಲ್ಲಿ ಹೇಳಿದೆ: "ಇದನ್ನಾ ತಗೋಳೂಣು." ಅವಳ ಮುಖ ಅರಳಿತು. ಅಷ್ಟು ಬೇಗ ಹೇಳಬಾರದಿತ್ತು.

ಸುರಪುರದ ಸ್ಟ್ಯಾಂಡಿನಲ್ಲಿ ಇಳಿದು ಮೊದಲು ಸಿಕ್ಕ ಚಾಲಕನನ್ನು ಕೇಳಿದೆ. "ಪಾಳಿ ಗಾಡಿದಲ್ರಿ, ಡ್ರೈವರಂದು. ಮೌನೇಶ ಹ್ವಾದ ಮ್ಯಾಲೆ ಆ ನಂಬರ್ ನನಗ ಬರ್ತದ," ಎಂದ. ಅವನ ಜೊತೆಗಾರ, "ನಿನಗ್ಯಾಂಗ ಬರ್ತದಲೇ, ನನಗ ಬರ್ತದ," ಎಂದ. ಇಬ್ಬರಿಗೂ ಜಗಳ ಹತ್ತಿತು. ಸುಜಾತಾಳನ್ನು ಮೇಲಿಂದ ಕೆಳಗೆ ನೋಡಿ ಮೊದಲಿನವನು, "ಹೆಣ್ಮಕ್ಕಳ ಗಾಡಿಗಿ ಪಾಳಿ ಯಾಕ ಬೇಕ್ರಿ, ಮಂದಿ ಕೂಡಬೇಕಲ್ಲ ಮೊದಲ," ಎಂದ.

"ನೀ ಕೂತಿದ್ದಿಯಲ್ಲ ಅಣ್ಣಾ, ಕಸದ ಗಾಡ್ಯಾಗ," ಎಂದಳು ಸುಜಾತಾ. "ಕಾಲು ಉಳುಕಿದಾಗ ದವಾಖಾನಿಗಿ ಒಯ್ದಾಕಿ ಯಾರು?" ಅವನು ಬೀಡಿ ಹಚ್ಚಿಕೊಳ್ಳಲು ಅತ್ತ ಹೋದ.

ಚಹಾದ ಅಂಗಡಿಯ ಬೆಂಚಿನ ಮೇಲೆ ದಾವಲಸಾಬ್ ಕುಳಿತಿದ್ದರು. ಸ್ಟ್ಯಾಂಡಿನ ಎಲ್ಲರಿಗಿಂತ ಹಿರಿಯ ಚಾಲಕರು, ಬೆಳಗಿನ ಮೊದಲ ಗಾಡಿ ಅವರದು. ನನ್ನ ಪ್ರಶ್ನೆ ಕೇಳಿ ಮಂಡಕ್ಕಿ ಸುಸಲಾದ ತಟ್ಟೆ ಕೆಳಗಿಟ್ಟರು.

"ಪಾಳಿ ಯಾರ ಹೆಸರಿಗೂ ಬರದಿಟ್ಟಿಲ್ರಿ ಸಾಹೇಬ್ರ. ಮುಂಜಾನಿ ಯಾರ ಗಾಡಿ ಮೊದಲ ಬಂದು ನಿಂದರ್ತದ, ಅದರದಾ ಪಾಳಿ. ನಾ ನಮಾಜ್ ಮುಗಿಸಿ ಸೀದಾ ಬರ್ತೀನಿ. ಮೌನೇಶ ನನ್ನ ಹಿಂದ ಬರ್ತಾನ. ಹನ್ನೆರಡು ವರ್ಷ ಹಿಂದ ಬಂದು ಬಂದು, ಎರಡನೇ ನಂಬರ್ ತನ್ನ ಆಸ್ತಿ ಅಂತ ತಿಳಕೊಂಡಾನ, ಪಾಪ."

ಮೌನೇಶ ಅಲ್ಲೇ ನಿಂತಿದ್ದ. ಅವನ ಮುಖ ನೋಡಿದರೆ ಮೋಸ ಮಾಡಿದವನ ಹಾಗೆ ಕಾಣಲಿಲ್ಲ. ಅವನೂ ನನ್ನಷ್ಟೇ ಗೊಂದಲದಲ್ಲಿದ್ದ. "ಹಂಗೇನ್ರಿ ಚಾಚಾ?" ಎಂದು ಎರಡು ಸಲ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಹತ್ತು ಸಾವಿರ ಬಿಡ್ರಿ ಹಂಗಾದ್ರ," ಎಂದ.

ಬೆಲೆ ಇಳಿದದ್ದರಿಂದ ನನ್ನ ತಲೆ ಇನ್ನಷ್ಟು ಕೆಟ್ಟಿತು. ರಂಗಂಪೇಟೆಗೆ ನಡೆದೆವು. ಮನೆಯ ಹೊಸ್ತಿಲಲ್ಲಿ ಸುಜಾತಾ, "ಯಪ್ಪಾ, ಇದು ಕಾಲುವಿ ಅಲ್ಲ," ಎಂದಳು.

ಪುಂಡಿಪಲ್ಯ, ರೊಟ್ಟಿ ಉಂಡು ನೋಟ್‌ಬುಕ್ ಬಿಡಿಸಿದೆ. ಒಂದು ಗಾಡಿಗೆ ಒಳ್ಳೆಯ ಉತ್ತರಗಳು, ನಂಬಲಾಗದ ಮೀಟರ್. ಇನ್ನೊಂದಕ್ಕೆ ನಂಬುವ ಮೀಟರ್, ಪ್ರತಿ ಪ್ರಶ್ನೆಗೂ ಎರಡೆರಡು ಉತ್ತರ. ಅಳಿಯ ಮಹಾದೇವ ಇಣುಕಿ ನೋಡಿ, "ಮಾವಾರ, ನಮ್ಮ ಲಗ್ನಕ್ಕರೆ ಇಷ್ಟು ಪ್ರಶ್ನಿ ಕೇಳಿದ್ರೇನ್ರಿ?" ಎಂದು ನಕ್ಕ. ಕೇಳಿರಲಿಲ್ಲ. ಬೂದು ಗಾಡಿಯವನಿಗೆ ಸಂಜೆ ಫೋನ್ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಮಾಡಿದೆ, ನಾಳೆ ಹೇಳುತ್ತೇನೆ ಎಂದೆ. ನಾನು ಕೊಟ್ಟ ಸಮಯಕ್ಕೆ ಉತ್ತರ ಹೇಳದೆ ಇದ್ದದ್ದು ಕಡಿಮೆ. ಆ ಕಾರಣಕ್ಕೂ ಬೇಸರವಾಯಿತು.

ಕೊನೆಗೆ ಒಂದು ವಿಷಯ ಹೊಳೆಯಿತು. ಪಾಳಿ ಮೊದಲು ಬಂದವರದ್ದಾದರೆ, ಉಳಿದ ಇಪ್ಪತ್ತೊಂದು ಪ್ರಶ್ನೆ ಪಕ್ಕಕ್ಕಿಡಬಹುದು. ನಾಲ್ಕೂವರೆಗೆ ಏಳುವುದು ನಮ್ಮ ಮನೆಯವರಿಗೆ ಹೊಸದಲ್ಲ. ನಾನು ಗೇಟಿಗೆ ಹೊರಡುವಾಗ ಸುಜಾತಾ ನನ್ನ ಚಹಾ ಕಾಸಿ ಕೊಟ್ಟೇ ದೊಡ್ಡವಳಾದಳು. ಅವಳು ಏಳುತ್ತಾಳೆ. ಗಾಡಿ ಏಳುತ್ತದೆಯೇ? ಪಟ್ಟಿಯಲ್ಲಿ ಅದು ಹನ್ನೊಂದನೆಯ ಪ್ರಶ್ನೆ: ಚಳಿಯಲ್ಲಿ, ತಣ್ಣಗಿರುವ ಎಂಜಿನ್ ಮೊದಲ ಸಲಕ್ಕೇ ಹತ್ತಬೇಕು, ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ, ಹುಷಾರು.

ಮರುದಿನ ಐದಕ್ಕೆ, ಹೇಳದೆ ಕೇಳದೆ, ಮೌನೇಶನ ಬಾಗಿಲ ಮುಂದೆ ಹೋಗಿ ನಿಂತೆವು. ಹಲ್ಲು ಕಟಕಟ ಎನ್ನುವ ಚಳಿ. ಬಾನೆಟ್ ಮೇಲೆ ಅಂಗೈ ಇಟ್ಟೆ; ಇಬ್ಬನಿ ಕೈಗೆ ಹತ್ತಿತು. ಮೌನೇಶ ಕಂಬಳಿ ಹೊದ್ದು ಹೊರಬಂದು, ಏನೂ ಕೇಳದೆ ಸುಜಾತಾಳಿಗೆ ಕೀಲಿ ಕೊಟ್ಟ.

ಮೊದಲ ಸಲ ಹತ್ತಲಿಲ್ಲ. ಎರಡನೇ ಸಲ ಕೆಮ್ಮಿ ಸುಮ್ಮನಾಯಿತು. ನಾನು ಪೆನ್ನು ತೆಗೆದೆ. ಮೂರನೇ ಸಲಕ್ಕೆ ಒಂದು ಬುಟ್ಟಿ ಹೊಗೆ ಬಿಟ್ಟು ಹತ್ತಿಕೊಂಡಿತು.

"ಎರಡು ಸಲ ಕೇಳಂಗಿಲ್ರಿ," ಎಂದ ಮೌನೇಶ. "ಮೂರನೇದಕ್ಕ ಎದ್ದಾ ಏಳ್ತದ. ಹನ್ನೆರಡು ವರ್ಷದಿಂದ ಇದರ ಚಾಳಿನಾ ಇದು. ಒಂದಿನ ಎರಡಕ್ಕ ಎದ್ದಿಲ್ಲ, ಒಂದಿನ ನಾಲ್ಕಕ್ಕ ಹೋಗಿಲ್ಲ."

"ನಾನೂ ಮೂರು ಸಲ ಕರದ್ರ ಏಳಾಕಿ," ಎಂದಳು ಮಗಳು.

ಪಟ್ಟಿಯ ಪ್ರಕಾರ ಗಾಡಿ ಫೇಲು. ಆದರೆ ನನ್ನ ಕೈಕೆಳಗೆ ನಾಲ್ಕನೆಯ ನಂಬರಿನ ಗೇಟು ಒಂದಿತ್ತು. ಚಕ್ರ ತಿರುಗಿಸಿದರೆ ಮೊದಲ ಎರಡು ಸುತ್ತಿನಲ್ಲಿ ಅಲುಗುತ್ತಿರಲಿಲ್ಲ, ಮೂರನೆಯದಕ್ಕೆ ಏಳುತ್ತಿತ್ತು. ಒಂದು ದಿನ ಸಲೀಸು, ಒಂದು ದಿನ ಬಿಗಿ ಇರುತ್ತಿದ್ದ ಹೊಸ ಗೇಟುಗಳಿಗಿಂತ ನಾನು ಅದನ್ನೇ ಹೆಚ್ಚು ನಂಬಿದ್ದೆ. ಹನ್ನೊಂದನೆಯ ಪ್ರಶ್ನೆಯ ಮುಂದೆ ಏನು ಬರೆಯಬೇಕೋ ತಿಳಿಯಲಿಲ್ಲ. ಪೆನ್ನು ಮುಚ್ಚಿ ಮುಂದಿನ ಸೀಟಿನಲ್ಲಿ ಕುಳಿತೆ. ಮೌನೇಶ ಹಿಂದೆ ಹತ್ತಿದ.

ಐದೂ ಇಪ್ಪತ್ತಕ್ಕೆ ಸ್ಟ್ಯಾಂಡಿನಲ್ಲಿ ನಾವೇ ಮೊದಲು. ಚಹಾದವನು ಆಗಷ್ಟೇ ಒಲೆ ಹಚ್ಚುತ್ತಿದ್ದ. ಆರಕ್ಕೆ ಸ್ವಲ್ಪ ಮುಂಚೆ ದಾವಲಸಾಬರ ಗಾಡಿ ಬಂದು ನಮ್ಮ ಹಿಂದೆ ನಿಂತಿತು. ಅವರು ಇಳಿದು ಬಂದು ಸ್ಟೇರಿಂಗಿನ ಮುಂದಿದ್ದ ಸುಜಾತಾಳನ್ನು ನೋಡಿದರು, ಹಿಂದಿದ್ದ ಮೌನೇಶನನ್ನು ನೋಡಿದರು.

"ಹನ್ನೆರಡು ವರ್ಷದಾಗ ನಿನಗ ಆಗದಿದ್ದು ಈ ಹುಡುಗಿ ಒಂದಾ ದಿನದಾಗ ಮಾಡಿದಳಲ್ಲೋ ಮೌನ್ಯಾ!"

ಹತ್ತಿ ಬಿಡಿಸಲು ಹೋಗುವ ಮೂವರು ಹೆಂಗಸರು ಬಂದು ಗಾಡಿಯನ್ನಷ್ಟೇ ನೋಡಿ ಹತ್ತಿದರು. ನಾಲ್ಕನೆಯವನು ಫೈಲು ಹಿಡಿದ ಬೇರೊಬ್ಬ ಗುಮಾಸ್ತ. ಬಾಗಿಲಿಗೆ ಕೈ ಹಾಕಿದವನು ಚಾಲಕಿಯನ್ನು ಕಂಡು ಹಿಂದೆ ಸರಿದು, ದಾವಲಸಾಬರ ಗಾಡಿಯ ಕಡೆ ಹೋದ.

"ಇದು ಬಿಡಾಕ ಇನ್ನಾ ಅರ್ಧ ತಾಸು," ಎಂದರು ದಾವಲಸಾಬ್. "ಮುಂದಿನದರ ಪಾಳಿ ಅದ, ಅದಕ್ಕ ಹೋಗ್ರಿ."

"ಆದ್ರ ಚಾಚಾ, ಆ ಹೆಣ್ಮಗಳು..."

"ಪಾಳಿ ಅಂದ್ರ ಪಾಳಿರಿ."

ಅವನು ಕೈಗಡಿಯಾರ ನೋಡಿಕೊಂಡು ವಾಪಸು ಬಂದು ಕುಳಿತ. ಆರೂ ಹತ್ತಕ್ಕೆ ಗಾಡಿ ತುಂಬಿ ಹೊರಟಿತು.

ದಾರಿಯುದ್ದಕ್ಕೂ ನಾನು ಸದ್ದು ಕೇಳುತ್ತ ಕುಳಿತೆ. ಒಂದು ಕಡೆ ಕರಕರ, ಒಂದು ಕಡೆ ಟಿಕ್ ಟಿಕ್. ಯಾವುದು ರೋಗ, ಯಾವುದು ರೂಢಿ, ನನಗೆ ಗೊತ್ತಾಗಲಿಲ್ಲ. ಹೆಂಗಸರು ಹತ್ತಿಗೂಡೂರಿನಲ್ಲಿ ಇಳಿದು, "ಸಂಜಿಗಿ ಇದಾ ಗಾಡಿ ಬರ್ತದೇನವ್ವ?" ಎಂದು ಕೇಳಿದರು. ಸುಜಾತಾ ನನ್ನ ಕಡೆ ನೋಡಿದಳು. ನಾನು ರಸ್ತೆ ನೋಡಿದೆ. ಅವಳು, "ಬರ್ತದ," ಎಂದಳು. ಗಾಡಿ ಕೊಂಡದ್ದು ಆಗಲೇ ಇರಬೇಕು. ನನ್ನನ್ನು ಯಾರೂ ಕೇಳಲಿಲ್ಲ.

ಶಹಾಪುರದಲ್ಲಿ ಮೀಟರ್ ಬರೆದುಕೊಂಡೆ: ಎರಡು ಲಕ್ಷ ಎಂಬತ್ಮೂರು ಸಾವಿರದ ನಾಲ್ಕು ನೂರಾ ಎಪ್ಪತ್ತು. ಎಲ್ಲರೂ ಇಳಿದು ದುಡ್ಡು ಕೊಟ್ಟರು. ಕೊನೆಗೆ ಮೌನೇಶ ಇಳಿದು ಜೇಬಿಗೆ ಕೈ ಹಾಕಿ ನಲವತ್ತು ರೂಪಾಯಿ ಚಾಚಿದ.

"ಏ, ನಿನ್ನ ಕಡೆ ಏನು ತಗೋಳೋದೋ ಅಣ್ಣಾ," ಎಂದಳು ಸುಜಾತಾ.

"ತಗೋ ತಂಗಿ. ಬೋಣಿ ಟ್ರಿಪ್ಪಿನ ದುಡ್ಡು ಬ್ಯಾಡನ್ನಬಾರದು. ಈ ಗಾಡಿಗಿ ನಾ ಮೊದಲನೇ ಸಲ ಕೊಡಾಕತ್ತಿದ್ದು."

ಅವಳು ತೆಗೆದುಕೊಂಡಳು. ನಾನು ಮೌನೇಶನಿಗೆ ಮುಂಗಡ ಕೊಟ್ಟೆ. ಕಾಗದಪತ್ರಕ್ಕೆ ಸೋಮವಾರ ಹತ್ತಕ್ಕೆ ಯಾದಗಿರಿಗೆ ಬರಬೇಕೆಂದು, ಹತ್ತು ಎಂದರೆ ಹತ್ತೇ ಎಂದು ಹೇಳಿದೆ. ಬೂದು ಗಾಡಿಯವನಿಗೆ ಫೋನ್ ಮಾಡಿ ಬೇಡ ಎಂದೆ.

ಯಾದಗಿರಿಯ ಬಸ್ಸು ಏಳೂವರೆಗೆ ಸಮಯಕ್ಕೆ ಸರಿಯಾಗಿ ಬಿಟ್ಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಸುಜಾತಾ ಗಾಡಿಯ ಪಕ್ಕ ನಿಂತು "ಸುರಪುರ, ಸುರಪುರ" ಎಂದು ಕೂಗುತ್ತಿದ್ದಳು. ಮೌನೇಶ ಚಹಾ ಕುಡಿದು ಬಂದು, ರೂಢಿಯಂತೆ ಚಾಲಕನ ಬಾಗಿಲು ತೆಗೆದ. ಆಮೇಲೆ ಬಾಗಿಲು ಮೆಲ್ಲಗೆ ಹಾಕಿ, ಗಾಡಿ ಸುತ್ತು ಹೊಡೆದು, ಹಿಂದಿನ ಸೀಟಿಗೆ ಹೋಗಿ ಕುಳಿತ.